ನಾನು ಮಾತ್ರೆ ಕೊಡುವುದು ಬಿಟ್ಟ ಮಳೆಗಾಲ

ಹೋದ ತಿಂಗಳು ಹಾಸನದಿಂದ ಸಕಲೇಶಪುರದ ಕಡೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಾಳ್ಳುಪೇಟೆಯಲ್ಲಿ ಒಬ್ಬ ಹೆಂಗಸು ಹತ್ತಿ ನನ್ನ ಪಕ್ಕ ಕೂತರು. ಬಸ್ಸು ಹೊರಟದ್ದೇ ಚೀಲದಿಂದ ಪುಟ್ಟ ಡಬ್ಬಿ ತೆಗೆದು ಕತ್ತಿಗೂ ಹೆಗಲಿಗೂ ನೋವಿನ ಮುಲಾಮು ತಿಕ್ಕಿಕೊಂಡರು. ಹೊರಗೆ ಹನಿ ಬೀಳುತ್ತಿದ್ದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು. ಆ ಖಾರವಾದ ವಾಸನೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಅವರು ಪಾಪ, ನನಗೂ ಎಲ್ಲೋ ನೋವಿರಬೇಕು ಅಂದುಕೊಂಡು ಡಬ್ಬಿ ಮುಂದೆ ಹಿಡಿದರು. ಬೇಡ ಅಂದೆ.

ಆ ವಾಸನೆಯಲ್ಲಿ ನಾನು ಹನ್ನೊಂದು ವರ್ಷ ಬದುಕಿದ್ದೇನೆ. ಬಾಳ್ಳುಪೇಟೆಯಿಂದ ಆರು ಮೈಲಿ ಒಳಗೆ, ಗುಡ್ಡದ ಇಳಿಜಾರಿನಲ್ಲಿದ್ದ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಗೆ ನಾನು ಕಾಂಪೌಂಡರ್. ಒಂದು ಕೋಣೆ, ಒಂದು ಮೇಜು, ಗಾಜಿನ ಬಾಗಿಲಿನ ಎರಡು ಬೀರು. ಪಕ್ಕದಲ್ಲೇ ಕಾಫಿ ತುಂಬುವ ದೊಡ್ಡ ಸ್ಟೋರ್. ಸಂಜೆ ಕೆಲಸ ಬಿಟ್ಟ ಮೇಲೆ ಆಳುಗಳು ನೇರ ನನ್ನ ಬಾಗಿಲಿಗೆ ಬರುತ್ತಿದ್ದರು. ಜ್ವರ, ಭೇದಿ, ಜಿಗಣೆ ಕಚ್ಚಿ ನಂಜಾದ ಕಾಲು, ಇವೆಲ್ಲ ನಾಲ್ಕೈದು ಮಂದಿ. ಉಳಿದ ಸಾಲೆಲ್ಲ ಸೊಂಟ, ಮಂಡಿ, ಹೆಗಲು. ಇಪ್ಪತ್ತು ಮೂವತ್ತು ವರ್ಷ ಇಳಿಜಾರಿನಲ್ಲಿ ಬಗ್ಗಿ ಕಳೆ ತೆಗೆದು, ಮೂಟೆ ಹೊತ್ತ ಮೈಗಳು. ಬಿಳಿ ಮಾತ್ರೆ ನಾಲ್ಕು ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದೆ. ಮಾರನೇ ದಿನ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಕಾಂಪೌಂಡ್ರ ಕೈಗುಣ ಚೆನ್ನಾಗೈತೆ ಅಂತ ಆಳುಗಳ ಮನೆಗಳ ಸಾಲಾದ ಲೈನಿನಲ್ಲೆಲ್ಲ ಮಾತು. ಆ ಮಾತು ಕೇಳಿದಾಗ ನನಗೆ ಒಳಗೊಳಗೇ ಖುಷಿ.

ಆ ಕೈಗುಣ ಏನು ಅಂತ ಗೊತ್ತಾದದ್ದು ತೊಂಬತ್ತರ ದಶಕದ ಕೊನೆಯ ಒಂದು ಜೂನ್ ತಿಂಗಳಲ್ಲಿ.

ಸಾಕಮ್ಮನಿಗೆ ಆಗ ಐವತ್ತರ ಹತ್ತಿರ ಹತ್ತಿರ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ಬೇಲೂರು ಕಡೆ ಕೊಟ್ಟಿತ್ತು. ಲೈನಿನ ಮೂರನೇ ಮನೆಯಲ್ಲಿ ಒಬ್ಬಳೇ ಇದ್ದಳು. ಕೊಯ್ಲಿನಲ್ಲಿ ಅವಳ ಬೆರಳಿಗೆ ಸಮ ಯಾರೂ ಇರಲಿಲ್ಲ, ಮಾತಿಗಂತೂ ಮೊದಲೇ ಇಲ್ಲ. ಎರಡು ವರ್ಷದಿಂದ ಎರಡೂ ಮಂಡಿ ಹಿಡಿದುಕೊಂಡಿದ್ದವು, ಬಲಗೈ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಆ ಎರಡು ವರ್ಷವೂ ದಿನಾ ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ನನ್ನ ಕೈಯಿಂದಲೇ ಹೋಗಿತ್ತು.

ಮಳೆ ಹಿಡಿದ ಮೂರನೇ ದಿನ, ಮಧ್ಯಾಹ್ನ, ಕಳೆ ತೆಗೆಯುತ್ತಿದ್ದ ಜಾಗದಿಂದ ಅವಳನ್ನು ಗೋಣಿತಾಟಿನ ಮೇಲೆ ಮಲಗಿಸಿ ಹೊತ್ತು ತಂದರು. ಸೀರೆಯ ಮೇಲೆಲ್ಲ ಕಾಫಿ ಚರಟದ ಬಣ್ಣದ ವಾಂತಿ. ಅದು ಕಾಫಿಯಲ್ಲ, ಹೊಟ್ಟೆಯಲ್ಲಿ ಒಡೆದ ರಕ್ತ ಅಂತ ತಿಳಿಯುವಷ್ಟು ಓದು ನನಗಿತ್ತು. ಎಸ್ಟೇಟಿನ ಜೀಪು ಓಡಿಸುತ್ತಿದ್ದವರು ಖಾದರ್ ಸಾಬರು, ಆನೇಮಹಲಿನವರು. ಅವರಿಗೂ ಸೊಂಟ ನೋವು, ಅವರೂ ನನ್ನ ಮಾತ್ರೆಯ ಗಿರಾಕಿ. ಒಂದು ಕೈ ಸೊಂಟಕ್ಕೆ ಒತ್ತಿಕೊಂಡೇ ಸಕಲೇಶಪುರದ ತನಕ ಜೀಪು ಹಾರಿಸಿದರು. ಹಿಂದೆ ಸಾಕಮ್ಮನ ತಲೆ ನನ್ನ ತೊಡೆಯ ಮೇಲಿತ್ತು. ಮೈ ತಣ್ಣಗಾಗುತ್ತಿತ್ತು.

ಆಸ್ಪತ್ರೆಯ ಡಾಕ್ಟರು ಕೇಳಿದರು: "ನೋವಿನ ಮಾತ್ರೆ ಎಷ್ಟು ದಿನದಿಂದ?"

"ಎರಡು ವರ್ಷದಿಂದ ಸಾರ್."

"ಊಟ ಆದ ಮೇಲೋ, ಬರೀ ಹೊಟ್ಟೆಯಲ್ಲೋ?"

"ಕೇಳಿಲ್ಲ ಸಾರ್."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸುಮ್ಮನೆ ನನ್ನನ್ನು ಒಂದು ಸಲ ನೋಡಿ ಒಳಗೆ ಹೋದರು.

ಸಾಕಮ್ಮ ಉಳಿದಳು. ಎಂಟನೇ ದಿನ ನೋಡಲು ಹೋದಾಗ ಮಂಚದ ಮೇಲೆ ಕೂತಿದ್ದಳು, ಮುಖ ಸುಣ್ಣದ ಗೋಡೆಯ ಹಾಗೆ. ಇನ್ನು ಜನ್ಮದಲ್ಲಿ ಆ ಮಾತ್ರೆ ಮುಟ್ಟಬಾರದು ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

"ಮಾತ್ರೆ ಇಲ್ದೆ ನಾನ್ ಎಂಗ್ ಗೇಯ್ಲಿ ಕಾಂಪೌಂಡ್ರೇ? ಗೇಯ್ದೆ ಇದ್ರೆ ಮನೆ ಬುಡು ಅಂತಾರೆ. ನಾನ್ ಎಲ್ಲಿಗ್ ಹೋಗ್ಲಿ?"

ಅದು ನಿಜವೇ. ಲೈನ್ ಮನೆ ಕೆಲಸ ಮಾಡುವವರಿಗೆ ಮಾತ್ರ. ಮ್ಯಾನೇಜರು ಕೆಟ್ಟವರಲ್ಲ, ಮಳೆಗಾಲ ಕಳೆಯುವ ತನಕ ಕೂಸಿನ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಿರಲಿ ಅಂದಿದ್ದರು. ಆದರೆ ಕೊಯ್ಲು ಶುರುವಾಗುವಾಗ ತೋಟದ ಮೇಲಿನ ಬ್ಲಾಕು ಹತ್ತಲು ಆಗದಿದ್ದರೆ ಹೆಸರು ತೆಗೆಯಲೇಬೇಕು, ಮನೆ ಇನ್ನೊಬ್ಬರಿಗೆ ಬೇಕು. ನವೆಂಬರಿಗೆ ಐದೇ ತಿಂಗಳು.

ಆ ಆಸ್ಪತ್ರೆಯಲ್ಲಿ ಆಗಷ್ಟೇ ಒಬ್ಬ ಫಿಸಿಯೋಥೆರಪಿಯವರು ಬಂದಿದ್ದರು. ಫ್ಲಾವಿಯಾ ಅಂತ, ಮಂಗಳೂರು ಕಡೆಯವರು. ನಾನು ಆ ಹೆಸರಿನ ಕೆಲಸವನ್ನು ಅಲ್ಲಿಯ ತನಕ ಕೇಳಿದ್ದೆ, ನೋಡಿರಲಿಲ್ಲ. ಅವರು ಸಾಕಮ್ಮನ ಮಂಡಿ ಮಡಿಸಿ, ಬಿಡಿಸಿ, ಕೈ ಎತ್ತಿಸಿ ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂರಿಸಿ, ಕೈ ಊರದೆ ಏಳಲು ಹೇಳಿದರು.

"ಅಯ್ಯೋ, ನೋಯ್ತದೆ ಕಣವ್ವ!"

"ನೋವುಂಟು. ಸುಳ್ಳು ಹೇಳುದಿಲ್ಲ. ಆದ್ರೆ ನೋವು ಆದ ಕೂಡ್ಲೆ ಒಳಗೆ ಏನೋ ಮುರೀತು ಅಂತ ಅಲ್ಲ. ನೋವು ಪೂರಾ ಹೋದ ಮೇಲೆ ಮಾಡ್ತೇನೆ ಅಂತ ಕೂತ್ರೆ ಮಂಡಿ ಇನ್ನೂ ಬಿಗೀತದೆ. ಸ್ವಲ್ಪ ಸ್ವಲ್ಪ, ದಿನಾ."

ಮೂರು ತೋರಿಸಿದರು. ಬೆಂಚಿನಿಂದ ಏಳುವುದು ಕೂರುವುದು. ಗೋಡೆಗೆ ಎರಡೂ ಅಂಗೈ ಇಟ್ಟು ತಳ್ಳುವುದು, ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುವುದು. ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು. ಆಮೇಲೆ ನನ್ನ ಕಡೆ ತಿರುಗಿದರು.

"ಹೇಳಿಕೊಡ್ಲಿಕ್ಕೆ ಅರ್ಧ ಗಂಟೆ ಸಾಕು ಮಾರಾಯ್ರೆ. ಬಿಡದೆ ಮಾಡುವ ಹಾಗೆ ನೋಡಿಕೊಳ್ಳುದು ಉಂಟಲ್ಲ, ಅದು ಕಷ್ಟ. ಅದು ನಿಮ್ಮದು."

ಎಸ್ಟೇಟಿಗೆ ವಾಪಸು ಬಂದವನೇ ನೋವಿನ ಮಾತ್ರೆಯ ಡಬ್ಬವನ್ನು ಬೀರುವಿಗೆ ಹಾಕಿ ಬೀಗ ಜಡಿದೆ. ಡಾಕ್ಟರ ಚೀಟಿ ಇದ್ದರಷ್ಟೇ ಇನ್ನು ಕೊಡುವುದು ಅಂದೆ. ನೋವಿನವರಲ್ಲಿ ಆರು ಜನರನ್ನು ಆರಿಸಿ, ಆಸ್ಪತ್ರೆಯಿಂದ ಮನೆಗೆ ಬಂದ ಸಾಕಮ್ಮನನ್ನೂ ಸೇರಿಸಿ, ಸಂಜೆ ಐದಕ್ಕೆ ಸ್ಟೋರಿಗೆ ಕರೆದೆ. ಮಳೆಗಾಲದಲ್ಲಿ ಕಾಫಿ ಇರುವುದಿಲ್ಲ, ಅಷ್ಟು ದೊಡ್ಡ ಸ್ಟೋರು ಖಾಲಿ. ನಮ್ಮ ಕಡೆ ಸಮತಟ್ಟಾದ, ಒದ್ದೆಯಾಗದ ನೆಲ ಸಿಗುವುದೇ ಅಲ್ಲಿ.

ನನಗೆ ಅವಸರ. ಮಾಡಿದ ತಪ್ಪನ್ನು ಒಂದು ವಾರದಲ್ಲಿ ತೊಳೆದುಕೊಳ್ಳುವ ಅವಸರ. ಮೊದಲ ದಿನವೇ ಬೆಂಚಿನ ಪಕ್ಕ ಮೇಷ್ಟರ ಹಾಗೆ ನಿಂತು ಐವತ್ತು ಐವತ್ತು ಮಾಡಿಸಿದೆ. ಪಾಪ, ಮಾಡಿದರು. ಮಾರನೇ ದಿನ ಯಾರೂ ಬರಲಿಲ್ಲ. ಮೂರನೇ ದಿನ ಲೈನಿಗೆ ಹೋದರೆ ಸಾಕಮ್ಮ ಬಾಗಿಲಿಗೂ ಎದ್ದು ಬರಲಿಲ್ಲ, ಒಳಗಿಂದಲೇ ಕೂಗಿದಳು.

"ಮದ್ಲು ಮಾತ್ರೆ ಕೊಟ್ಟು ಹೊಟ್ಟೆ ಒಡ್ದಾಯ್ತು, ಈಗ ಮಂಡಿ ಮುರಿಯಕ್ ಬಂದವ್ರಾ?"

ಮಿಕ್ಕವರು ಬಾಳ್ಳುಪೇಟೆಯ ಅಂಗಡಿಯಿಂದ ಅದೇ ಮಾತ್ರೆ ತರಿಸಿಕೊಳ್ಳತೊಡಗಿದರು. ಕಾಂಪೌಂಡ್ರು ಔಷಧಿ ಮುಚ್ಚಿಟ್ಟವ್ರೆ ಅಂತ ಮ್ಯಾನೇಜರಿಗೆ ದೂರು ಹೋಯಿತು. ಅವರು ಕರೆಸಿ, "ನಿಮ್ಮನ್ನ ಇಟ್ಕೊಂಡಿರೋದು ಔಷಧಿ ಕೊಡೋಕೆ ರೀ, ಡ್ರಿಲ್ ಮಾಡ್ಸೋಕಲ್ಲ" ಅಂದರು. ನಾನು ಸಾಕಮ್ಮನ ವಾಂತಿಯ ಬಣ್ಣ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಸರಿ, ಮಳೆಗಾಲ ಮುಗಿಯೋ ತನಕ ನೋಡ್ತೀನಿ" ಅಂದರು.

ಗುರುವಾರ ಬಸ್ಸು ಹಿಡಿದು ಮತ್ತೆ ಫ್ಲಾವಿಯಾ ಮೇಡಂ ಹತ್ತಿರ ಹೋದೆ. ನಡೆದದ್ದೆಲ್ಲ ಹೇಳಿದೆ.

"ಐವತ್ತಾ!" ಅವರು ನಗುವುದೋ ಅಳುವುದೋ ಅನ್ನುವ ಹಾಗೆ ಹಣೆ ಚಚ್ಚಿಕೊಂಡರು. "ಐದು, ಮಾರಾಯ್ರೆ. ಐದು! ಇನ್ನೂ ಮಾಡಬಹುದು ಅನ್ನಿಸುವಾಗ ನಿಲ್ಲಿಸ್ಬೇಕು. ಮಾರನೇ ದಿನ ಬೆಳಿಗ್ಗೆಗೆ ನೋವು ಇಳಿದಿದ್ರೆ ಸರಿಯಾದ ಲೆಕ್ಕ. ಇಳೀಲಿಲ್ಲ ಅಂದ್ರೆ ಅರ್ಧ ಮಾಡಿ. ಆದ್ರೆ ಸೊನ್ನೆ ಮಾತ್ರ ಬೇಡ. ಮತ್ತೆ, ನೀವು ಮಾಡಿದ್ರಾ ಅವರ ಜೊತೆ?"

"ನಾನಾ? ನನಗೇನೂ ನೋವಿಲ್ಲ ಮೇಡಂ."

"ಒಂದು ಸಲ ಕೈ ಊರದೆ ಏಳಿ ನೋಡುವ."

ಎದ್ದೆ. ಏಳುವಾಗ ಎರಡೂ ಮಂಡಿ ಒಣಗಿದ ಬಿದಿರಿನ ಹಾಗೆ ಸದ್ದು ಮಾಡಿದವು.

ಊರಿಗೆ ಬಂದು ಲೈನಿನ ಬಾಗಿಲು ಬಾಗಿಲಿಗೂ ಹೋಗಿ ತಪ್ಪು ಒಪ್ಪಿಕೊಂಡೆ. ಐವತ್ತು ಹೇಳಿದ್ದು ನನ್ನ ದಡ್ಡತನ, ಇನ್ನು ಐದೇ, ಆಗದಿದ್ದರೆ ಅರ್ಧ, ಸೊನ್ನೆ ಮಾತ್ರ ಬೇಡ, ನಾನೂ ಮಾಡುತ್ತೇನೆ ಅಂದೆ. ಸಾಕಮ್ಮನೂ ಸೇರಿ ಮೂರು ಜನ ಬಂದರು. ಅವರ ಎದುರಿಗೆ ಬೆಂಚಿನಿಂದ ಎದ್ದಾಗ ನನ್ನ ಮಂಡಿ ಲಟಲಟ ಅಂದಿತು.

"ಅಯ್ಯಯ್ಯಪ್ಪಾ," ಅಂದಳು ಸಾಕಮ್ಮ, "ಇವ್ರ್ ಮಂಡಿ ನಮ್ಮ್ ಮಂಡಿಗಿಂತ ಕಡೆ ಐತೆ ಕಣ್ರಲಾ!"

ಮೂವರೂ ನಕ್ಕರು. ಸಾಕಮ್ಮ ಆಸ್ಪತ್ರೆಯಿಂದ ಬಂದ ಮೇಲೆ ನಕ್ಕದ್ದು ಅವತ್ತೇ ಮೊದಲು. ಆ ಸದ್ದು ಕೇಳಿಯೋ ಏನೋ, ಮಾರನೇ ದಿನ ಐದು ಜನ ಬಂದರು.

ಜುಲೈ ತಿಂಗಳ ಮಳೆ ಸ್ಟೋರಿನ ತಗಡಿನ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ನನ್ನ ಎಣಿಕೆ ಯಾರ ಕಿವಿಗೂ ಮುಟ್ಟುತ್ತಿರಲಿಲ್ಲ. ಸಾಕಮ್ಮ ಒಂದು ಖಾಲಿ ಎಣ್ಣೆ ಡಬ್ಬ ತಂದು ಕೋಲಿನಿಂದ ಬಡಿಯತೊಡಗಿದಳು. ಒಂದು ಏಟಿಗೆ ಏಳು, ಇನ್ನೊಂದಕ್ಕೆ ಕೂರು. ಐದು ಆರಾಯಿತು, ಆರು ಎಂಟಾಯಿತು. ಯಾರಾದರೂ ಒಂದು ದಿನ ಬರದಿದ್ದರೆ ಉಳಿದವರು ದಾರಿಯಲ್ಲಿ ಅವರ ಮನೆಗೆ ಹೊಕ್ಕು ಕೇಳುತ್ತಿದ್ದರು. ಇದನ್ನು ನಾನು ಹೇಳಿಕೊಟ್ಟದ್ದಲ್ಲ.

ಖಾದರ್ ಸಾಬರು ಮಾತ್ರ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. "ಇಡೀ ದಿನ ಸ್ಟೇರಿಂಗ್ ಜೊತೆ ಕುಸ್ತಿ ಆಡ್ತೀನಿ ಕಾಂಪೌಂಡರ್ ಸಾಬ್. ಅದಕ್ಕಿಂತ ಕಸರತ್ತು ಬೇಕಾ?"

"ಆ ಕುಸ್ತಿ ದಿನಾ ಒಂದೇ ಜಾಗಾನ ಎಳೀತದೆ ಸಾಬ್ರೇ. ಇದು ಆ ಜಾಗಕ್ಕೆ ಮಿಕ್ಕಿದ್ ಮೈಯೆಲ್ಲ ಜೊತೆ ಕೊಡೋ ಹಾಗೆ ಮಾಡ್ತದೆ." ಇದೂ ಮೇಡಂ ಹೇಳಿದ್ದೇ, ನಾನು ನನ್ನದೆಂಬಂತೆ ಹೇಳಿದೆ.

ಅವರು ನನ್ನನ್ನು ಬಾಗಿಲ ಹತ್ತಿರ ಕರೆದರು. ಆಮೇಲೆ ಯಾರಿಗೂ ಕೇಳಿಸದ ಹಾಗೆ ಹೇಳಿದರು: "ಮೂರು ವರ್ಷ ಆಯ್ತು, ನಾನು ಕುರ್ಚಿ ಮೇಲೆ ಕೂತು ನಮಾಜ್ ಮಾಡ್ತಾ ಇದೀನಿ. ಹಣೆ ನೆಲಕ್ಕೆ ಮುಟ್ಸೋಕೆ ಆಗ್ತಾ ಇಲ್ಲ. ಅದು ಆಯ್ತದಾ?"

ಆಗುತ್ತದೆ ಅಂತ ಹೇಳಲು ಧೈರ್ಯ ಬರಲಿಲ್ಲ. ಮಾತ್ರೆ ಕೊಡುವಾಗ ಎಷ್ಟು ಸಲೀಸಾಗಿ ಮಾತು ಕೊಟ್ಟುಬಿಡುತ್ತಿದ್ದೆ! "ಗೊತ್ತಿಲ್ಲ ಸಾಬ್ರೇ. ಮಾಡಿ ನೋಡೋಣ" ಅಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಗೋಣಿಚೀಲದ ಹಾಸಿನ ಮೇಲೆ ಮಲಗಿ ಸೊಂಟ ಎತ್ತುವುದಕ್ಕೆ ಅವತ್ತು ಅವರಿಗೆ ಎರಡು ಸಲ ಮಾತ್ರ ಆಯಿತು.

ಆಗಸ್ಟಿನ ಮಧ್ಯದಲ್ಲಿ ಸಾಕಮ್ಮನ ಎಡ ಮಂಡಿ ಊದಿಕೊಂಡಿತು. ಕೂಸಿನ ಮನೆಯ ಮೆಟ್ಟಿಲಲ್ಲಿ ಮಗುವನ್ನು ಎತ್ತಿಕೊಂಡು ಜಾರಿದ್ದಳಂತೆ. ಕೂಡಲೇ ಜೀಪಿನಲ್ಲಿ ಫ್ಲಾವಿಯಾ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮೂಳೆಗೆ ಏನೂ ಆಗಿಲ್ಲ, ಎರಡು ದಿನ ಕಾಲು ಎತ್ತಿ ಇಟ್ಟುಕೊಳ್ಳಲಿ, ಆಮೇಲೆ ಎಷ್ಟಾಗುತ್ತದೋ ಅಷ್ಟರಿಂದ ಮತ್ತೆ ಶುರು ಮಾಡಲಿ ಅಂದರು. ಎರಡು ದಿನ ಹೋಗಿ ಆರು ದಿನವಾಯಿತು. ಸಾಕಮ್ಮ ಬರಲಿಲ್ಲ. ಡಬ್ಬ ಬಡಿಯುವವರಿಲ್ಲದೆ ಸ್ಟೋರು ಬಿಕೋ ಅನ್ನುತ್ತಿತ್ತು.

ಏಳನೇ ಸಂಜೆ ಅವಳ ಮನೆಗೆ ಹೋದೆ. ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಬಟ್ಟೆಗಂಟು.

"ಮಗ್ಳು ಮನೆಗೆ ಹೋಗ್ಬುಡ್ತೀನಿ ಕಾಂಪೌಂಡ್ರೇ. ಅಳಿಯ ಏನೂ ಅನ್ನಕ್ಕಿಲ್ಲ. ಅವ್ನು ಅನ್ನಕ್ಕಿಲ್ಲ ಅಂತ್ಲೇ ನಂಗೆ ಹೋಗಕ್ ಮನ್ಸಿಲ್ಲ. ಆದ್ರೇನ್ ಮಾಡ್ಲಿ. ಎರಡ್ ತಿಂಗ್ಳು ಮಾಡಿದ್ದೆಲ್ಲ ಒಂದೇ ದಿನಕ್ಕೆ ಹೋಗ್ಬುಡ್ತು."

"ಹೋಗಿಲ್ಲ ಕಣವ್ವ. ಜೂನ್ ತಿಂಗಳಲ್ಲಿ ಹೊಸ್ತಿಲ ಮೇಲೆ ಕೂರೋಕೇ ಆಗ್ತಿರ್ಲಿಲ್ಲ ನಿಂಗೆ. ಈಗ ಕೂತಿದೀಯ."

ಅವಳು ಹೊಸ್ತಿಲನ್ನೊಮ್ಮೆ ನೋಡಿದಳು. ಇಬ್ಬರೂ ಮಳೆ ನೋಡುತ್ತಾ ಕೂತೆವು.

ಅಷ್ಟರಲ್ಲಿ ಲೈನಿನ ಆ ತುದಿಯಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ನಾಲ್ಕು ಜನ, ಅವರ ಹಿಂದೆ ಕೊಡೆ ಹಿಡಿದ ಖಾದರ್ ಸಾಬರು ಬಂದರು. ನಾನು ಯಾರಿಗೂ ಹೇಳಿ ಕಳಿಸಿರಲಿಲ್ಲ. ಸ್ಟೋರಿಗೆ ಹೋಗಿ, ಅಲ್ಲಿ ನಾನೂ ಇಲ್ಲದ್ದು ನೋಡಿ, ಎಣ್ಣೆ ಡಬ್ಬ ಎತ್ತಿಕೊಂಡು ನೇರ ಇಲ್ಲಿಗೇ ಬಂದಿದ್ದರು. ಡಬ್ಬವನ್ನು ಸಾಕಮ್ಮನ ತೊಡೆಯ ಮೇಲಿಟ್ಟು ಖಾದರ್ ಸಾಬರು, "ಬಡೀ ಸಾಕವ್ವಾ. ನೀನು ಬಡೀದೆ ಇದ್ರೆ ನನಗೆ ಲೆಕ್ಕ ತಪ್ಪುತ್ತೆ" ಅಂದರು.

ಜಗಲಿಯ ಸೂರಿನ ಕೆಳಗೆ ಎಲ್ಲರೂ ಒತ್ತೊತ್ತಾಗಿ ನಿಂತು ಗೋಡೆಗೆ ಕೈ ಕೊಟ್ಟರು. ಸಾಕಮ್ಮ ಬಡಿದಳು. ಎಲ್ಲರದೂ ಮುಗಿದ ಮೇಲೆ ಕೋಲು ಕೆಳಗಿಟ್ಟು, ಬಾಗಿಲ ಚೌಕಟ್ಟು ಹಿಡಿದು, ಹಲ್ಲು ಕಚ್ಚಿ ಎದ್ದಳು. ಕೂತಳು. ಇನ್ನೊಂದು ಸಲ ಎದ್ದಳು.

"ಎರಡು," ಅಂದಳು ಏದುಸಿರು ಬಿಡುತ್ತಾ. "ಸೊನ್ನೆ ಅಲ್ಲ ಕಣ್ರಲಾ. ಎರಡು!"

ಅಲ್ಲಿಂದ ಮುಂದೆ ನಾನು ಯಾರನ್ನೂ ಕರೆಯಬೇಕಾಗಿ ಬರಲಿಲ್ಲ. ಸೆಪ್ಟೆಂಬರ್ ಮುಗಿಯುವಾಗ ಹದಿನಾಲ್ಕು ಜನ ಆಗಿದ್ದರು. ಬೀರುವಿನಲ್ಲಿದ್ದ ಡಬ್ಬಕ್ಕೆ ಡಾಕ್ಟರ ಚೀಟಿ ಹಿಡಿದು ಬಂದವರು ಇಬ್ಬರೋ ಮೂವರೋ. ಎಲ್ಲರ ನೋವೂ ಹೋಯಿತು ಅಂತ ನಾನು ಹೇಳುವುದಿಲ್ಲ, ಹೋಗಲಿಲ್ಲ. ಮಳೆ ಜೋರಾದ ದಿನ ಮಂಡಿ ಹಿಡಿದುಕೊಂಡೇ ಬರುತ್ತಿದ್ದರು. ಹಿಡಿದುಕೊಂಡಾದರೂ ಬರುತ್ತಿದ್ದರು. ಅಕ್ಟೋಬರಿನಲ್ಲಿ ಫ್ಲಾವಿಯಾ ಮೇಡಂ ಒಂದು ಭಾನುವಾರ ನೋಡಲು ಬಂದರು. ಸಾಕಮ್ಮ ಅವರೆದುರಿಗೆ ಬಲಗೈಯ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸಿ ಹತ್ತಿಸಿ, ಕೊನೆಗೆ ಗೋಡೆ ಬಿಟ್ಟು ಕೈಯನ್ನು ನೆಟ್ಟಗೆ ಮೇಲಕ್ಕೆ ಎತ್ತಿದಳು. ಮೇಡಂ ಚಪ್ಪಾಳೆ ತಟ್ಟಿಬಿಟ್ಟರು.

ನವೆಂಬರ್ ಬಂತು. ಕಾಫಿ ಹಣ್ಣಾಯಿತು, ಸ್ಟೋರು ಕಾಫಿಗೆ ಬೇಕಾಯಿತು. ಕತ್ತಲಾಗುವ ತನಕ ಕೊಯ್ಲು, ಆಮೇಲೆ ತೂಕ. ಸಂಜೆ ಯಾರಿಗೂ ಬಿಡುವಿಲ್ಲ. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮ್ಯಾನೇಜರೂ ಹಾಗೇ ಅಂದುಕೊಂಡಿದ್ದರು.

ಕೊಯ್ಲಿನ ಮೊದಲ ದಿನ ಬೆಳಿಗ್ಗೆ ಹಾಜರಿ ಕರೆಯಲು ರೈಟರು ಪುಸ್ತಕ ಬಿಚ್ಚುವ ಮೊದಲೇ ಅಂಗಳದಲ್ಲಿ ಟಣ್ ಅಂತ ಸದ್ದಾಯಿತು. ಮಂಜಿನಲ್ಲಿ ಸಾಕಮ್ಮ ಡಬ್ಬ ಹಿಡಿದು ನಿಂತಿದ್ದಳು. ಹದಿನಾಲ್ಕೂ ಜನ ಸಾಲಾಗಿ ಬಂದರು. ಬೆಂಚಿಲ್ಲ, ಕಾಫಿ ಒಣಗಿಸುವ ಕಣದ ಮೋಟುಗೋಡೆಯೇ ಬೆಂಚು. ಉಳಿದ ಅರವತ್ತು ಆಳುಗಳು ಕಿಸಿಕಿಸಿ ನಗುತ್ತಾ ನಿಂತಿದ್ದರು. ಮ್ಯಾನೇಜರು ಗಡಿಯಾರ ನೋಡಿಕೊಂಡರು.

"ಏನಮ್ಮಾ ಇದು, ಕೆಲಸದ ಹೊತ್ತಲ್ಲಿ?"

"ಹತ್ತೇ ನಿಮಿಷ ಬುದ್ದೀ. ಸಂಜೆ ತೂಕದಲ್ಲಿ ಕಮ್ಮಿ ಬಂದ್ರೆ ಆಗ ಕೇಳಿ."

ಮ್ಯಾನೇಜರು ರೈಟರ ಮುಖ ನೋಡಿದರು, ನನ್ನ ಮುಖ ನೋಡಿದರು. ಹತ್ತು ನಿಮಿಷ ತಡೀರಿ ಅಂತ ರೈಟರಿಗೆ ಸನ್ನೆ ಮಾಡಿದರು.

ಅವತ್ತು ಸಾಕಮ್ಮನಿಗೆ ತಗ್ಗಿನ ಬ್ಲಾಕು ಹಾಕಿದ್ದರು. ಅವಳು ಒಪ್ಪಲಿಲ್ಲ. ಎಲ್ಲಕ್ಕಿಂತ ಕಡಿದಾದ ಮೇಲಿನ ಬ್ಲಾಕನ್ನೇ ಕೇಳಿ ಹಾಕಿಸಿಕೊಂಡಳು. ಆ ವಾರ ಎಲ್ಲರಿಗಿಂತ ಹೆಚ್ಚು ಕೊಯ್ದವಳು ಅವಳಲ್ಲ, ಅದು ನಿಜ. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಮನೆ ಖಾಲಿ ಮಾಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಬೆಳಗಿನ ಸಾಲು ಉದ್ದವಾಗುತ್ತಾ ಹೋಯಿತು. ಸಂಕ್ರಾಂತಿ ಹೊತ್ತಿಗೆ ನಗುತ್ತಿದ್ದವರೂ ಸೇರಿದ್ದರು, ಹಿಂದಿನ ಸಾಲಿನಲ್ಲಿ ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಮ್ಯಾನೇಜರೂ ನಿಂತಿರುತ್ತಿದ್ದರು. ಜೀಪಿನಲ್ಲಿ ಸುತ್ತಿ ಸುತ್ತಿ ಅವರ ಸೊಂಟವೂ ಹೋಗಿತ್ತು ಅಂತ ನಮಗೆ ತಿಳಿದದ್ದು ಆಗಲೇ.

ಆ ಸಲ ರಂಜಾನ್ ಕೊಯ್ಲಿನ ನಡುವೆ ಬಂದಿತ್ತು. ಹಬ್ಬದ ಮಾರನೇ ದಿನ ಖಾದರ್ ಸಾಬರು ಡಿಸ್ಪೆನ್ಸರಿಗೆ ಬಂದು ಮೇಜಿನ ಮೇಲೆ ಸೇಮಿಗೆ ಪಾಯಸದ ಡಬ್ಬಿ ಇಟ್ಟರು. ಬೆರಳಿನಿಂದ ತಮ್ಮ ಹಣೆ ತೋರಿಸಿದರು. ಹಣೆಯ ನಡುವೆ ಚಾಪೆಯ ಗೆರೆಗಳು ಇನ್ನೂ ಇವೆಯೇನೋ ಎಂಬಂತೆ ಹುಡುಕಿದೆ. ಏನೂ ಇರಲಿಲ್ಲ. ಆದರೆ ಅವರ ಕಣ್ಣು ತುಂಬಿತ್ತು. "ಎಲ್ಲರ ಜೊತೆ ಸಾಲಲ್ಲಿ," ಅಂದರು. "ಕುರ್ಚಿ ಇಲ್ದೆ."

ಫೆಬ್ರವರಿಯ ಒಂದು ಮಧ್ಯಾಹ್ನ ಕೊಯ್ಲು ಮುಗಿಯಿತು. ಕೊನೆಗೆ ಉಳಿದಿದ್ದದ್ದು ಮೇಲಿನ ಬ್ಲಾಕಿನ ತುದಿಯ ನಾಲ್ಕು ಸಾಲು. ನಾನು ಡಿಸ್ಪೆನ್ಸರಿಯಲ್ಲಿ ಒಬ್ಬನ ಬೆರಳಿಗೆ ಪಟ್ಟಿ ಕಟ್ಟುತ್ತಿದ್ದೆ. ಗುಡ್ಡದ ನೆತ್ತಿಯಿಂದ ಒಂದು ಕೂಗು ಬಂತು. ಕೊಯ್ಲಿನವರು ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ಹಾಕುವ, ಉದ್ದಕ್ಕೆ ಎಳೆದ "ಕೂ" ಅನ್ನುವ ಕೂಗು. ಸಾಕಮ್ಮನ ಗಂಟಲು, ಅದರಲ್ಲಿ ಅನುಮಾನವೇ ಇಲ್ಲ. ಪಟ್ಟಿ ಅರ್ಧಕ್ಕೆ ಬಿಟ್ಟು ಹೊರಗೆ ಬಂದು ನೋಡಿದರೆ, ಕೊನೆಯ ಗಿಡದ ಹತ್ತಿರ, ಬಿಸಿಲಿಗೆ, ಖಾಲಿ ಬುಟ್ಟಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಂತಿದ್ದಾಳೆ. ಕೆಳಗಿನ ಬ್ಲಾಕಿನಿಂದ ಒಬ್ಬರು ಮರುಕೂಗು ಹಾಕಿದರು, ತೋಡಿನ ಆಚೆಯಿಂದ ಇನ್ನಿಬ್ಬರು, ಕಣದಿಂದ ಖಾದರ್ ಸಾಬರು ಜೀಪಿನ ಹಾರ್ನ್ ಒತ್ತಿ ಹಿಡಿದರು. ಗುಡ್ಡವೆಲ್ಲ ಕೂಗಿತು.

ಅಷ್ಟು ವರ್ಷದಲ್ಲಿ ಕಾಂಪೌಂಡ್ರು ಕೂಗು ಹಾಕಿದ್ದನ್ನು ಯಾರೂ ಕೇಳಿರಲಿಲ್ಲ. ನಾನು ಬಾಯಿಗೆ ಎರಡೂ ಅಂಗೈ ಹಿಡಿದು, ಎದೆ ತುಂಬ ಉಸಿರು ಎಳೆದು, ಅವಳ ಕಡೆಗೆ ಕೂಗಿದೆ.